ಸರ್ಟಿಫಿಕೇಟಿಗೂ ಮೊದಲು ಕೆಲಸ ಆರಿಸಿ

ಮೈಕ್ರೋಸಾಫ್ಟ್ ಕಂಪನಿಯ ಎಂಸಿಎಸ್‌ಎ, ಎಂಸಿಎಸ್‌ಡಿ, ಎಂಸಿಎಸ್‌ಇ ಪರೀಕ್ಷೆಗಳಿಗೆ 2021ರ ಜನವರಿ 31 ಕೊನೆಯ ದಿನವಾಯಿತು. ಒಂದು ಕಾಲಕ್ಕೆ ತರಬೇತಿ ಕೇಂದ್ರಗಳ ಬೋರ್ಡಿನ ಮೇಲೆ ಎದ್ದು ಕಾಣುತ್ತಿದ್ದ, ಉದ್ಯೋಗಾರ್ಥಿಗಳು ಹೆಸರಿನ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದ ಬಿರುದುಗಳವು. ಅದಕ್ಕೂ ಹಿಂದೆ ನೊವೆಲ್ ಕಂಪನಿಯ ಸಿಎನ್‌ಇ ಕೂಡ ಇದೇ ದಾರಿ ಹಿಡಿದಿತ್ತು. ನೊವೆಲ್‌ನ ನೆಟ್‌ವರ್ಕ್ ತಂತ್ರಾಂಶ ನೆಟ್‌ವೇರ್ ಕಚೇರಿಗಳಿಂದ ಮರೆಯಾದಂತೆ ಸಿಎನ್‌ಇ ಕೇಳುವವರೂ ಇಲ್ಲವಾದರು.

ಬಿರುದುಗಳು ಹೋದವು, ವಿದ್ಯೆ ಹೋಗಲಿಲ್ಲ. ಆ ಪರೀಕ್ಷೆಗಳ ನೆಪದಲ್ಲಿ ಐಪಿ ವಿಳಾಸ, ಡಿಎನ್‌ಎಸ್, ಬಳಕೆದಾರರ ಅನುಮತಿಗಳ ವ್ಯವಸ್ಥೆಯನ್ನು ಕೈಯಾರೆ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಕಲಿತವರಿಗೆ ಕ್ಲೌಡ್ ಕಾಲದಲ್ಲೂ ಅದೇ ಆಸ್ತಿ. ಪ್ರಶ್ನೋತ್ತರ ಉರು ಹೊಡೆದು ಪಾಸಾದವರ ಕೈಯಲ್ಲಿ ಉಳಿದದ್ದು ಕಾಗದ ಮಾತ್ರ. ಇಂಥವರನ್ನು ಗುರುತಿಸಲೆಂದೇ ಉದ್ಯಮದಲ್ಲಿ 'ಪೇಪರ್ ಎಂಸಿಎಸ್‌ಇ' ಎಂಬ ಮಾತು ಹುಟ್ಟಿತು.

ಇಂದು ಬೋರ್ಡಿನ ಮೇಲಿನ ಹೆಸರುಗಳು ಬದಲಾಗಿವೆ. ನೆಟ್‌ವರ್ಕಿಗೆ ಸಿಸ್ಕೊದ ಸಿಸಿಎನ್‌ಎ, ಕ್ಲೌಡ್‌ಗೆ ಅಮೆಜಾನ್‌ನ ಎಡಬ್ಲ್ಯುಎಸ್ ಮತ್ತು ಮೈಕ್ರೋಸಾಫ್ಟ್‌ನ ಅಜೂರ್, ಲಿನಕ್ಸ್‌ಗೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಸೈಬರ್ ಭದ್ರತೆಗೆ ಸೆಕ್ಯುರಿಟಿ ಪ್ಲಸ್. ಬಿಇ, ಬಿಸಿಎ, ಡಿಪ್ಲೊಮಾ ಮುಗಿಸಿ ಕಲಬುರಗಿ, ಹಾಸನ, ದಾವಣಗೆರೆಗಳಿಂದ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟ್‌ನಲ್ಲೋ ಮಾರತ್ತಹಳ್ಳಿಯಲ್ಲೋ ಪಿಜಿ ಹಿಡಿಯುವ ಯುವಕ ಯುವತಿಯರ ಪ್ರಶ್ನೆ ಮಾತ್ರ ಹಳೆಯದೇ: 'ಯಾವ ಸರ್ಟಿಫಿಕೇಷನ್ ಮಾಡಿದ್ರೆ ಕೆಲಸ ಸಿಗುತ್ತೆ?'

ಈ ಪ್ರಶ್ನೆಯೇ ತಿರುವುಮುರುವಾಗಿದೆ. ಯಾವ ಕೆಲಸ ಮಾಡಬೇಕು, ಆ ಕೆಲಸಕ್ಕೆ ಏನು ಗೊತ್ತಿರಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಅದರಲ್ಲಿ ಎಷ್ಟನ್ನು ಯಾವ ಪರೀಕ್ಷೆ ಕಲಿಸುತ್ತದೆ ಎಂಬುದು ಆಮೇಲಿನ ಮಾತು. ಈ ಕ್ರಮ ತಪ್ಪಿದಾಗ ಪೋಲಾಗುವ ಹಣ ಸಣ್ಣದಲ್ಲ. ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಡಾಲರ್. ತೆರಿಗೆ ಬಿಟ್ಟರೂ ಅದು 25 ಸಾವಿರ ರೂಪಾಯಿ ದಾಟುತ್ತದೆ. ಎಡಬ್ಲ್ಯುಎಸ್‌ನ ಅಸೋಸಿಯೇಟ್ ಮಟ್ಟದ ಪರೀಕ್ಷೆಗೆ 150 ಡಾಲರ್. ತರಬೇತಿ, ಪಿಜಿ, ಊಟದ ಖರ್ಚು ಬೇರೆ. ಒಮ್ಮೆ ಫೇಲಾದರೆ ಶುಲ್ಕವನ್ನು ಮತ್ತೆ ಕಟ್ಟಬೇಕು. ಸಾಲ ಮಾಡಿ ಮಕ್ಕಳನ್ನು ಓದಿಸಿದ ಮನೆಗೆ ಇದು ಭಾರವಾದ ಮೊತ್ತ.

ಎಲ್ಲ ಸರ್ಟಿಫಿಕೇಟುಗಳೂ ಒಂದೇ ಜಾತಿಯವಲ್ಲ. ಕೆಲವು ಬುನಾದಿಯವು. ಯಾವುದೇ ಒಂದು ಕಂಪನಿಯ ಉತ್ಪನ್ನಕ್ಕೆ ಅಂಟಿಕೊಳ್ಳದ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್ ಈ ಸಾಲಿನವು. ಇನ್ನು ಕೆಲವು ನಿರ್ದಿಷ್ಟ ಕಂಪನಿಯ ಸಾಧನಗಳನ್ನು ನಡೆಸಲು ಕಲಿಸುತ್ತವೆ. ಸಿಸ್ಕೊ, ಎಡಬ್ಲ್ಯುಎಸ್, ಅಜೂರ್, ರೆಡ್ ಹ್ಯಾಟ್ ಎಲ್ಲವೂ ಇಲ್ಲಿ ಬರುತ್ತವೆ. ಮೂರನೆಯ ಬಗೆ ಅನುಭವಿಗಳಿಗೆಂದೇ ಇರುವಂಥದ್ದು.

ಹೊಸಬರು ಹೆಚ್ಚಾಗಿ ಎಡವುವುದು ಈ ಮೂರನೆಯದರಲ್ಲಿ. ಭದ್ರತಾ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಸಿಐಎಸ್‌ಎಸ್‌ಪಿಯನ್ನೇ ನೋಡಿ. ಅದರ ಪಠ್ಯದಲ್ಲಿ ಎಂಟು ವಿಭಾಗಗಳಿವೆ. ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷದ ಕೆಲಸದ ಅನುಭವ ಇರಬೇಕು. ಪದವಿ ಇದ್ದವರಿಗೆ ಸಿಗುವುದು ಒಂದು ವರ್ಷದ ರಿಯಾಯಿತಿ ಅಷ್ಟೆ. ಅನುಭವ ಇಲ್ಲದವರು ಪರೀಕ್ಷೆ ಪಾಸು ಮಾಡಿದರೂ ಸಿಗುವುದು 'ಅಸೋಸಿಯೇಟ್' ಎಂಬ ದರ್ಜೆಯೇ ಹೊರತು ಸಿಐಎಸ್‌ಎಸ್‌ಪಿ ಅಲ್ಲ. 1993ರಲ್ಲಿ ಶುರುವಾದ ಸಿಸ್ಕೊದ ಸಿಸಿಐಇಯಲ್ಲಿ ಎಂಟು ಗಂಟೆಯ ಲ್ಯಾಬ್ ಪರೀಕ್ಷೆ ಇದೆ. ಸಿಸಿಐಇಗೆ ಹೊರಡಲು ನಿಯಮದಲ್ಲಿ ಅನುಭವದ ಷರತ್ತೇನೂ ಇಲ್ಲ. ಆದರೆ ಐದರಿಂದ ಏಳು ವರ್ಷ ಕೆಲಸ ಮಾಡಿ ಬರುವುದು ಒಳ್ಳೆಯದೆಂದು ಸಿಸ್ಕೊ ತಾನೇ ಹೇಳುತ್ತದೆ. ಕಾಲೇಜಿನಿಂದ ನೇರವಾಗಿ ಬಂದವರಿಂದ ಇಂಥ ಪರೀಕ್ಷೆಗೆ ದುಡ್ಡು ಕಟ್ಟಿಸಿಕೊಳ್ಳುವ ತರಬೇತಿ ಕೇಂದ್ರ ವಿದ್ಯಾರ್ಥಿಯ ಹಿತ ಬಯಸುತ್ತಿಲ್ಲ.

ಅಂತರ್ಜಾಲದಲ್ಲಿ ಹರಿದಾಡುವ 'ಅತಿ ಹೆಚ್ಚು ಸಂಬಳದ ಸರ್ಟಿಫಿಕೇಟುಗಳು' ಎಂಬ ಪಟ್ಟಿಗಳನ್ನೂ ಎಚ್ಚರದಿಂದ ಓದಬೇಕು. ಇವುಗಳಲ್ಲಿ ಬಹುಪಾಲು ಅಮೆರಿಕದ ಲೆಕ್ಕ. ಅಲ್ಲಿನ ರಕ್ಷಣಾ ಇಲಾಖೆ 2005ರಲ್ಲಿ ಜಾರಿಗೆ ತಂದ ನಿಯಮದಂತೆ, ಇಲಾಖೆಯ ಮಾಹಿತಿ ಭದ್ರತೆ ನೋಡಿಕೊಳ್ಳುವವರು ನಿಗದಿತ ಸರ್ಟಿಫಿಕೇಟು ಪಡೆದಿರಲೇಬೇಕಾಯಿತು. ಆ ಪಟ್ಟಿಯಲ್ಲಿ ಸೆಕ್ಯುರಿಟಿ ಪ್ಲಸ್ ಇತ್ತು. ಗುತ್ತಿಗೆ ಕಂಪನಿಗಳ ನೌಕರರಿಗೂ ಅದೇ ನಿಯಮ. ಅಲ್ಲಿ ಅದಕ್ಕಿರುವ ಬೇಡಿಕೆಗೆ ಸರ್ಕಾರಿ ಆದೇಶದ ಬಲವೂ ಇದೆ. ಬೆಂಗಳೂರಿನ ಕಂಪನಿ ಹಾಗೆ ಕೇಳಬೇಕೆಂದೇನಿಲ್ಲ. ಸೆಕ್ಯುರಿಟಿ ಪ್ಲಸ್ ಒಳ್ಳೆಯ ಪಠ್ಯ ಎಂಬುದರಲ್ಲಿ ಅನುಮಾನ ಬೇಡ. ಆದರೆ ವಾಷಿಂಗ್ಟನ್‌ನ ಸಂಬಳ ನೋಡಿ ವಿಜಯಪುರದಲ್ಲಿ ಶುಲ್ಕ ಕಟ್ಟುವುದು ಲೆಕ್ಕಾಚಾರವಾಗದು.

ಹಾಗಾದರೆ ಆರಿಸುವುದು ಹೇಗೆ? ನಂಬಬಹುದಾದ ದಾರಿ ಬಿಟ್ಟಿಯಾಗಿಯೇ ಇದೆ. ತಾವು ಸೇರಬಯಸುವ ಊರಿನಲ್ಲಿ, ತಮ್ಮಷ್ಟೇ ಅನುಭವ ಕೇಳುವ ಇಪ್ಪತ್ತು ಮೂವತ್ತು ಉದ್ಯೋಗ ಜಾಹೀರಾತುಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದೂ ಕೇಳುವ ಕೌಶಲಗಳನ್ನು ಪಟ್ಟಿ ಮಾಡಬೇಕು. ನೆಟ್‌ವರ್ಕ್ ಸಪೋರ್ಟ್ ಕೆಲಸಗಳಲ್ಲಿ ರೂಟಿಂಗ್, ಸ್ವಿಚಿಂಗ್, ವಿಲ್ಯಾನ್ ಎಂಬ ಪದಗಳು ಮತ್ತೆ ಮತ್ತೆ ಬಂದರೆ ಸಿಸಿಎನ್‌ಎ ಪಠ್ಯ ಅದಕ್ಕೆ ಹೊಂದುತ್ತದೆ. ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಲಿನಕ್ಸ್ ಬೇಕೇ ಬೇಕು, ಆರ್‌ಎಚ್‌ಸಿಎಸ್‌ಎ ಅದನ್ನು ಕಲಿಸುತ್ತದೆ. ಕ್ಲೌಡ್ ಹುದ್ದೆಗಳ ಜಾಹೀರಾತನ್ನು ಗಮನವಿಟ್ಟು ಓದಿದರೆ ಅಲ್ಲೂ ಲಿನಕ್ಸ್ ಮತ್ತು ನೆಟ್‌ವರ್ಕ್ ಜ್ಞಾನವನ್ನು ಕೇಳಿರುವುದು ಕಾಣುತ್ತದೆ. ಬುನಾದಿ ಇಲ್ಲದೆ ಕ್ಲೌಡ್ ಪರೀಕ್ಷೆಗೆ ಹಾರುವುದು ಯಾಕೆ ತಪ್ಪು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸರ್ಕಾರಿ ಕೆಲಸದ ಕಡೆ ಮುಖ ಮಾಡಿದವರು ಇವೆಲ್ಲ ಬಿಟ್ಟು ಕೇಂದ್ರ ಸರ್ಕಾರದ ಎನ್‌ಐಇಎಲ್‌ಐಟಿ ಸಂಸ್ಥೆ ನಡೆಸುವ 'ಒ' ಲೆವೆಲ್, 'ಎ' ಲೆವೆಲ್‌ಗಳತ್ತ ನೋಡುವುದು ಲೇಸು. ಹಲವು ನೇಮಕಾತಿ ಅಧಿಸೂಚನೆಗಳಲ್ಲಿ ಅವುಗಳಿಗೆ ಮಾನ್ಯತೆ ಇದೆ.

ಸರ್ಟಿಫಿಕೇಟಿನ ಆಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಿಸಿಎನ್‌ಎ, ಎಡಬ್ಲ್ಯುಎಸ್, ಆರ್‌ಎಚ್‌ಸಿಎಸ್‌ಎ, ಸೆಕ್ಯುರಿಟಿ ಪ್ಲಸ್‌ಗಳಿಗೆ ಮೂರು ವರ್ಷ. ಕುಬರ್ನೆಟಿಸ್ ನಿರ್ವಾಹಕರ ಸಿಕೆಎ 2024ರ ಏಪ್ರಿಲ್‌ನಿಂದ ಎರಡೇ ವರ್ಷಕ್ಕೆ ಇಳಿದಿದೆ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಮತ್ತು ಮೇಲಿನ ಮಟ್ಟದವಕ್ಕೆ ಒಂದೇ ವರ್ಷ, ಆದರೆ ನವೀಕರಣಕ್ಕೆ ಶುಲ್ಕವಿಲ್ಲ, ಮನೆಯಲ್ಲೇ ಕುಳಿತು ಮುಗಿಸಬಹುದು. ಒಂದೇ ವರ್ಷದಲ್ಲಿ ನಾಲ್ಕು ಪರೀಕ್ಷೆ ಬರೆದವರು ಆ ನಾಲ್ಕನ್ನೂ ಉಳಿಸಿಕೊಳ್ಳಲು ಮುಂದೆ ಸಮಯ ಮತ್ತು ಹಣ ತೆರಬೇಕಾಗುತ್ತದೆ.

ಪರೀಕ್ಷೆ ಯಾವುದೆಂದು ತೀರ್ಮಾನವಾದ ಮೇಲೆ ಮೊದಲು ಓದಬೇಕಾದದ್ದು ಕಂಪನಿಯೇ ಪ್ರಕಟಿಸುವ ಪಠ್ಯಸೂಚಿ. ಸಿಸಿಎನ್‌ಎ ಪಠ್ಯಸೂಚಿಯಲ್ಲಿ ಆರು ಭಾಗಗಳಿವೆ: ನೆಟ್‌ವರ್ಕ್ ಮೂಲಾಂಶಗಳಿಗೆ ಶೇ 20, ನೆಟ್‌ವರ್ಕ್ ಆಕ್ಸೆಸ್‌ಗೆ ಶೇ 20, ಐಪಿ ಸಂಪರ್ಕಕ್ಕೆ ಶೇ 25, ಐಪಿ ಸೇವೆಗಳಿಗೆ ಶೇ 10, ಭದ್ರತೆಗೆ ಶೇ 15, ಆಟೊಮೇಷನ್‌ಗೆ ಶೇ 10. ಮೊದಲ ಮೂರರಲ್ಲೇ ಪರೀಕ್ಷೆಯ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಅಡಗಿದೆ. ಓದಿನ ಸಮಯವನ್ನೂ ಹಾಗೆಯೇ ಹಂಚಿಕೊಳ್ಳಬೇಕು.

ಆ ಭಾಗಗಳ ತಯಾರಿಗೆ ಮುಖ್ಯವಾಗಿ ಬೇಕಾದದ್ದು ಸಬ್‌ನೆಟ್ ಲೆಕ್ಕ. 192.168.10.0 ಎಂಬ ಜಾಲಕ್ಕೆ /26 ಮಾಸ್ಕ್ ಹಾಕಿದರೆ ಒಂದೊಂದು ತುಂಡಿನಲ್ಲಿ 64 ವಿಳಾಸಗಳು ಬರುತ್ತವೆ. ಮೊದಲನೆಯದು ಜಾಲದ್ದು, ಕೊನೆಯದು ಬ್ರಾಡ್‌ಕಾಸ್ಟ್‌ನದು, ಯಂತ್ರಗಳಿಗೆ ಉಳಿಯುವುದು 62. ಎರಡನೆಯ ತುಂಡು 64ರಿಂದ ಶುರು, ಮೂರನೆಯದು 128ರಿಂದ, ನಾಲ್ಕನೆಯದು 192ರಿಂದ. ಇದನ್ನು ಕಾಗದ, ಪೆನ್ನು ಇಲ್ಲದೆ ಹೇಳಬಲ್ಲವರಿಗೆ ರೂಟಿಂಗ್ ಟೇಬಲ್ ತಾನಾಗಿ ಅರ್ಥವಾಗುತ್ತದೆ. ಅಭ್ಯಾಸಕ್ಕೆ ರೂಟರ್ ಕೊಳ್ಳಬೇಕಿಲ್ಲ. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದರಲ್ಲಿ ಜಾಲ ಕಟ್ಟಿ, ಒಂದು ಕೇಬಲನ್ನು ತಾವೇ ಕಿತ್ತು, ತೊಂದರೆ ಎಲ್ಲಿದೆ ಎಂದು ಹುಡುಕುವ ಒಂದು ಸಂಜೆ ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ಕಲಿಸುತ್ತದೆ.

ಕೈಕೆಲಸದ ಪರೀಕ್ಷೆ ಎಂದರೇನು ಎಂಬುದಕ್ಕೆ ಆರ್‌ಎಚ್‌ಸಿಎಸ್‌ಎ ಒಳ್ಳೆಯ ಮಾದರಿ. ಅಲ್ಲಿ 'ಸರಿಯುತ್ತರ ಗುರುತಿಸಿ' ಎಂಬುದೇ ಇಲ್ಲ. ಅಭ್ಯರ್ಥಿಯ ಮುಂದೆ ನಿಜವಾದ ಲಿನಕ್ಸ್ ವ್ಯವಸ್ಥೆ ಇರುತ್ತದೆ, ಮಾಡಬೇಕಾದ ಕೆಲಸಗಳ ಪಟ್ಟಿ ಇರುತ್ತದೆ. ಬೂಟ್ ಆಗುವುದನ್ನು ನಡುವೆ ತಡೆದು ಯಂತ್ರದೊಳಗೆ ಪ್ರವೇಶ ಪಡೆಯುವುದು, ಹೊಸ ಡಿಸ್ಕ್ ಭಾಗ ಮಾಡಿ ಕಡತ ವ್ಯವಸ್ಥೆಗೆ ಸೇರಿಸುವುದು, ಬಳಕೆದಾರರನ್ನು ರಚಿಸುವುದು ಇವೆಲ್ಲ ಪಠ್ಯಸೂಚಿಯಲ್ಲೇ ಇವೆ. ಮಾಡಿದ ಬದಲಾವಣೆ ಯಂತ್ರ ಆರಿಸಿ ಹಚ್ಚಿದ ಮೇಲೂ ಉಳಿದಿರಬೇಕು ಎಂಬುದು ಇಲ್ಲಿನ ಕಟ್ಟುನಿಟ್ಟು. ಡಿಸ್ಕುಗಳ ವಿವರ ಬರೆಯುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಅಕ್ಷರ ತಪ್ಪಿದರೆ ಯಂತ್ರ ಸರಿಯಾಗಿ ಮೇಲೇಳುವುದೇ ಇಲ್ಲ. ಆಗ ಅಲ್ಲಿಯವರೆಗೆ ಮಾಡಿದ ಕೆಲಸಕ್ಕೂ ಅಂಕ ಬೀಳದೆ ಹೋಗಬಹುದು. ಕಚೇರಿಯ ಸರ್ವರ್ ಮುಂದೆ ಕುಳಿತಾಗಲೂ ಇದೇ ಆಗುತ್ತದೆ. ಅದಕ್ಕೇ ಇಂಥ ಪರೀಕ್ಷೆಗಳಿಗೆ ಉದ್ಯಮದಲ್ಲಿ ತೂಕ ಹೆಚ್ಚು.

ಎಡಬ್ಲ್ಯುಎಸ್ ಪರೀಕ್ಷೆಯ ಕಷ್ಟ ಬೇರೆ ತೆರನಾದದ್ದು. ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ನಲ್ಲಿ 65 ಪ್ರಶ್ನೆ, 130 ನಿಮಿಷ, ಅಂದರೆ ಒಂದಕ್ಕೆ ಎರಡು ನಿಮಿಷ. ಪ್ರತಿ ಪ್ರಶ್ನೆಯೂ ಇಂಗ್ಲಿಷಿನ ಒಂದು ಉದ್ದ ಪ್ಯಾರಾ. 'ಕಡಿಮೆ ಖರ್ಚಿನಲ್ಲಿ', 'ಕಡಿಮೆ ನಿರ್ವಹಣೆಯಲ್ಲಿ' ಎಂಬಂಥ ಒಂದು ಮಾತು ಉತ್ತರವನ್ನೇ ಬದಲಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯ ಗೊತ್ತಿದ್ದರೂ ಓದುವ ವೇಗ ಸಾಲದೆ ಹೋಗಬಹುದು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲಿ ಬರೆಯುವುದಾದರೆ 30 ನಿಮಿಷ ಹೆಚ್ಚುವರಿ ಸಮಯ ಕೊಡುವ ಸೌಲಭ್ಯ ಎಡಬ್ಲ್ಯುಎಸ್‌ನಲ್ಲಿದೆ. ಪರೀಕ್ಷೆಯ ದಿನಾಂಕ ಕಾಯ್ದಿರಿಸುವ ಮೊದಲೇ ತಮ್ಮ ಖಾತೆಯಲ್ಲಿ ಅದನ್ನು ಕೇಳಿಕೊಂಡಿರಬೇಕು. ತರಬೇತಿ ಕೊಡುವವರು ಮೊದಲ ದಿನವೇ ಹೇಳಬೇಕಾದ ಮಾತಿದು.

ಇನ್ನು ಡಂಪ್‌ಗಳ ವಿಷಯ. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು, ಉತ್ತರ ಸಹಿತ ಪಿಡಿಎಫ್ ಮಾಡಿ ಮಾರುವ ದಂಧೆ ಇದು. ಟೆಲಿಗ್ರಾಂ ಗುಂಪುಗಳಲ್ಲಿ, ಕೆಲವೊಮ್ಮೆ ತರಗತಿಯಲ್ಲೇ ಇವು ಕೈಬದಲಾಗುತ್ತವೆ. ಪರೀಕ್ಷೆ ಶುರುವಾಗುವ ಮೊದಲು ಪ್ರಶ್ನೆಗಳನ್ನು ಹೊರಗೆಡಹುವುದಿಲ್ಲ ಎಂಬ ಒಪ್ಪಂದಕ್ಕೆ ಪ್ರತಿ ಅಭ್ಯರ್ಥಿಯೂ ಸಮ್ಮತಿಸಿರುತ್ತಾನೆ. ಅಕ್ರಮ ಸಾಬೀತಾದರೆ ಸರ್ಟಿಫಿಕೇಟು ರದ್ದಾಗುತ್ತದೆ, ಮುಂದಿನ ಪರೀಕ್ಷೆಗಳಿಗೂ ನಿಷೇಧ ಬೀಳಬಹುದು. ಸಿಕ್ಕಿಬೀಳದಿದ್ದರೂ ಪಾರಾಗುವುದು ಕಷ್ಟ. ಸಂದರ್ಶನದಲ್ಲಿ ಮೇಲಿನ /26ರ ಲೆಕ್ಕವನ್ನೇ ಕೇಳಿದರೆ ಉರು ಹೊಡೆದವರ ಬಾಯಿ ಕಟ್ಟುತ್ತದೆ. ಇದರಲ್ಲಿ ದೊಡ್ಡ ಅನ್ಯಾಯವಾಗುವುದು ಪ್ರಾಮಾಣಿಕವಾಗಿ ಓದಿದವರಿಗೆ. ನಾಲ್ಕು ಮಂದಿ ಟೊಳ್ಳು ಸರ್ಟಿಫಿಕೇಟಿನವರನ್ನು ನೋಡಿದ ಸಂದರ್ಶಕ ಐದನೆಯವರನ್ನೂ ಅನುಮಾನದಿಂದಲೇ ಮಾತಾಡಿಸುತ್ತಾನೆ.

ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲ, ಕೌಶಲವೊಂದೇ ಸಾಕು ಎನ್ನುವವರೂ ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಸಾವಿರಾರು ಅರ್ಜಿಗಳನ್ನು ಸೋಸುವ ಎಚ್‌ಆರ್ ವಿಭಾಗಕ್ಕೆ ಅದೊಂದು ಗುರುತು. ಹೆಸರಾಂತ ಕಾಲೇಜಿನ ಮುದ್ರೆ ಇಲ್ಲದ ಊರಿನ ಹುಡುಗಿಗೆ ಆ ಗುರುತು ನಿಜಕ್ಕೂ ಬಾಗಿಲು ತೆರೆಯಬಲ್ಲದು. ಐಟಿ ಸೇವಾ ಕಂಪನಿಗಳಿಗೂ ಅದು ಬೇಕು. ಮೈಕ್ರೋಸಾಫ್ಟ್, ಎಡಬ್ಲ್ಯುಎಸ್, ಸಿಸ್ಕೊಗಳ ಪಾಲುದಾರ ಸ್ಥಾನಮಾನ ಸಿಗಬೇಕಾದರೆ ಸರ್ಟಿಫಿಕೇಟು ಪಡೆದ ಇಷ್ಟು ನೌಕರರು ಇರಬೇಕೆಂಬ ಷರತ್ತುಗಳಿವೆ. ಅದಕ್ಕಾಗಿಯೇ ಎಷ್ಟೋ ಕಂಪನಿಗಳು ನೌಕರರ ಪರೀಕ್ಷಾ ಶುಲ್ಕವನ್ನು ತಾವೇ ಭರಿಸುತ್ತವೆ. ಇದರಿಂದ ಹೊಸಬರು ತಿಳಿಯಬೇಕಾದದ್ದು ಇಷ್ಟು: ಮೊದಲ ಕೆಲಸಕ್ಕೆ ಮುಂಚೆ ಸ್ವಂತ ಹಣದಲ್ಲಿ ಒಂದು ಸರ್ಟಿಫಿಕೇಟು ಸಾಕು. ಎರಡನೆಯದು, ಮೂರನೆಯದು ಕಂಪನಿಯ ಖರ್ಚಿನಲ್ಲಿ ಆಗಲಿ.

ಕಾಲೇಜುಗಳ ಹೊಣೆಯೂ ಇದೆ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿ 1997ರಿಂದ ನಡೆಯುತ್ತಿದೆ, ಕಾಲೇಜುಗಳು ಅದರಲ್ಲಿ ಸೇರಿಕೊಳ್ಳಬಹುದು. ಮೈಕ್ರೋಸಾಫ್ಟ್ ಲರ್ನ್‌ನ ಪಾಠಗಳು ಉಚಿತ, ಎಡಬ್ಲ್ಯುಎಸ್ ಸ್ಕಿಲ್ ಬಿಲ್ಡರ್‌ನಲ್ಲೂ ನೂರಾರು ಪಾಠಗಳು ಉಚಿತವಾಗಿ ಸಿಗುತ್ತವೆ. ಇಷ್ಟೆಲ್ಲ ಇರುವಾಗ ಅಂತಿಮ ವರ್ಷದವರನ್ನು ಕೂಡಿಹಾಕಿ ದುಬಾರಿ 'ಪ್ಯಾಕೇಜ್' ಕೊಳ್ಳುವಂತೆ ಒತ್ತಾಯಿಸುವುದನ್ನು ಒಪ್ಪಲಾಗದು. ಸಂಜೆ ಎರಡು ಗಂಟೆ ಹೆಚ್ಚು ತೆರೆದಿರುವ ಲ್ಯಾಬ್, ಜೊತೆಯಲ್ಲಿ ಕೂತು ಕನ್ನಡದಲ್ಲಿ ವಿವರಿಸುವ ಒಬ್ಬ ಅಧ್ಯಾಪಕ ಇದ್ದರೆ ಜಿಲ್ಲಾ ಕೇಂದ್ರದ ಕಾಲೇಜಿನಲ್ಲೂ ಈ ತಯಾರಿ ಸಾಧ್ಯ. ಕಾಲೇಜು ಆಡಳಿತ ಮಂಡಳಿಗಳು ಇದನ್ನು ಈ ಸೆಮಿಸ್ಟರ್‌ನಲ್ಲೇ ಶುರು ಮಾಡಬೇಕು.

ಪರೀಕ್ಷೆ ಬರೆಯಲು ಹೊರಟವರಿಗೆ ಒಂದು ಕೋರಿಕೆ. ಶುಲ್ಕ ಕಟ್ಟುವ ಮುನ್ನ ಆ ಪರೀಕ್ಷೆಯ ಅಧಿಕೃತ ಪಠ್ಯಸೂಚಿಯನ್ನು ಮುದ್ರಿಸಿಕೊಳ್ಳಿ. ಕೈಯಾರೆ ಮಾಡಿ ನೋಡಿದ ಅಂಶಗಳ ಎದುರು ಮಾತ್ರ ಗುರುತು ಹಾಕಿ, ಓದಿದ್ದಕ್ಕೆ ಮತ್ತು ವಿಡಿಯೊದಲ್ಲಿ ನೋಡಿದ್ದಕ್ಕೆ ಬೇಡ. ಅರ್ಧ ಪುಟ ಖಾಲಿ ಉಳಿದಿದ್ದರೆ ದಿನಾಂಕ ಕಾಯ್ದಿರಿಸಬೇಡಿ. ಪರೀಕ್ಷೆ ಮುಂದಿನ ತಿಂಗಳೂ ಇರುತ್ತದೆ, ನಿಮ್ಮ ಮನೆಯವರು ಹೊಂದಿಸಿಕೊಟ್ಟ 25 ಸಾವಿರ ಮತ್ತೆ ಸಿಗುವುದು ಕಷ್ಟ.