ಸೀಲ್ ಒಡೆಯದ ಬಾಟಲಿಯ ನೆಪ

ಸೀಲ್ ಆಗಿ ಬಂದ ಬಾಟಲಿಯೊಳಗೆ ಏನಿದೆಯೆಂದು ಅಂಗಡಿಯವರಿಗೆ ತಿಳಿಯದು; ಆದ್ದರಿಂದ ಕಳಪೆ ಕೀಟನಾಶಕ ಮಾರಿದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಅನ್ಯಾಯ, ದಂಡವಷ್ಟೇ ಸಾಕು ಎಂಬ ವಾದ ಈಚೆಗೆ ಅಚ್ಚಾಗಿದೆ.

ಅಳಲು ಸುಳ್ಳಲ್ಲ. ಆದರೆ ಕಾನೂನು ಅದನ್ನು ಎಂದೋ ಕೇಳಿಸಿಕೊಂಡಿದೆ. 1968ರ ಕೀಟನಾಶಕ ಕಾಯ್ದೆಯ 30ನೇ ಕಲಂ ಪ್ರಕಾರ, ಪರವಾನಗಿ ಇದ್ದವರಿಂದಲೇ ಕೊಂಡು, ಸರಿಯಾಗಿ ದಾಸ್ತಾನಿಟ್ಟು, ಎಚ್ಚರ ವಹಿಸಿದರೂ ದೋಷ ತಿಳಿಯುವಂತಿರಲಿಲ್ಲ ಎಂದು ಸಾಬೀತುಪಡಿಸಿದ ಮಾರಾಟಗಾರ ಹೊಣೆಗಾರನಲ್ಲ. ಪ್ರಯೋಗಾಲಯದ ವರದಿ ಒಪ್ಪದವರು 28 ದಿನಗಳೊಳಗೆ ಆಕ್ಷೇಪಿಸಿ, ಕೇಂದ್ರೀಯ ಪ್ರಯೋಗಾಲಯದ ಮರುಪರೀಕ್ಷೆಗೆ ದಾರಿ ಮಾಡಿಕೊಳ್ಳಬಹುದು.

ದಂಡವೇ ಸಾಕೆ? 2000ರ ತಿದ್ದುಪಡಿ ಮೊದಲ ಅಪರಾಧಕ್ಕೆ ನಿಗದಿಪಡಿಸಿದ ಗರಿಷ್ಠ ದಂಡ 50 ಸಾವಿರ ರೂಪಾಯಿ. ಗೊತ್ತಿದ್ದೂ ಕಲಬೆರಕೆ ಮಾರುವವನಿಗೆ ಅದು ವ್ಯಾಪಾರದ ಖರ್ಚು. ಔಷಧಿ ಹೊಡೆದರೂ ಹುಳ ಸಾಯದಿದ್ದರೆ, ರೈತನಿಗೆ ಹೋಗುವುದು ಇಡೀ ಬೆಳೆ.

ಅಮಾಯಕರು ಸಿಕ್ಕಿಬೀಳುತ್ತಾರೆ ಎನ್ನುವವರು ಹರಿಯಾಣದ ಪ್ರಕರಣವೊಂದನ್ನು ನೋಡಬೇಕು. ಇಲಾಖೆಯ ವಿಳಂಬದಿಂದ ಮಾದರಿಯ ವಾಯಿದೆ ಮುಗಿದು, ಆರೋಪಿಗೆ ಮರುಪರೀಕ್ಷೆಯ ಹಕ್ಕು ತಪ್ಪಿತೆಂದು 1999ರಲ್ಲಿ ಸುಪ್ರೀಂ ಕೋರ್ಟ್ ಮೊಕದ್ದಮೆಯ ರದ್ದತಿಯನ್ನು ಎತ್ತಿಹಿಡಿಯಿತು. ಅಲ್ಲಿ ಎಡವಿದ್ದು ಇಲಾಖೆಯ ವೇಗ, ಕಾಯ್ದೆಯಲ್ಲ.

ಆ ವೇಗವನ್ನು ಸರಿಪಡಿಸಲು ಕೇಳುವುದು ನ್ಯಾಯ. ಮೊಕದ್ದಮೆಯನ್ನೇ ಕೈಬಿಡಿ ಎನ್ನುವುದು ಕಳಪೆ ಮಾರುವವರಿಗಷ್ಟೇ ಲಾಭ.