ಕೂಸಿನ ಫೋಟೊ ಮನೆಯಲ್ಲೇ ತೆಗೆಸಿ

ಹಸುಗೂಸಿನ ಫೋಟೊಶೂಟ್ ಈಗ ತಾಲ್ಲೂಕು ಊರುಗಳಿಗೂ ಬಂದಿದೆ. ತಪ್ಪೇನಿಲ್ಲ. ಆದರೆ ಕೂಸು ಎರಡೂ ಅಂಗೈ ಮೇಲೆ ಗದ್ದ ಊರಿ ಮಲಗಿರುವ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ನಮಗೂ ಅದೇ ಬೇಕೆಂದು ಹಟ ಹಿಡಿಯಬೇಡಿ. ಅದು ಒಂದು ಫೋಟೊ ಅಲ್ಲ, ಎರಡು. ಒಂದರಲ್ಲಿ ಕೂಸಿನ ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿ, ಹಿಡಿದವರ ಕೈ ಅಳಿಸುತ್ತಾರೆ. ಇದು ಗೊತ್ತಿಲ್ಲದ ಫೋಟೊಗ್ರಾಫರ್, ಕುತ್ತಿಗೆ ನಿಲ್ಲದ ಕೂಸನ್ನು ಹಾಗೇ ಕೂರಿಸಿ ಕೈ ಬಿಟ್ಟರೆ ಗತಿಯೇನು?

ಬಟ್ಟೆ ಬಿಚ್ಚಿ ಎಸಿ ಕೋಣೆಯಲ್ಲಿ ಮಲಗಿಸುವುದೂ ಬೇಡ, ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಅಜ್ಜಿಯರು ಬಾಣಂತಿ ಕೋಣೆ ಬೆಚ್ಚಗಿಡುವುದು ಸುಮ್ಮನಲ್ಲ (ಹೊಗೆ ಮಾತ್ರ ಬೇಡ). ಫೋಟೊಗ್ರಾಫರನ್ನೇ ಮನೆಗೆ ಕರೆಸಿ. ಹಾಲು ಕುಡಿದು ಮಲಗಿದ ಮೇಲೆ, ಕಿಟಕಿ ಬೆಳಕಿನಲ್ಲಿ ತೆಗೆಯಲಿ. ಅವರಿಗೆ ಕೆಮ್ಮು, ನೆಗಡಿ ಇದ್ದರೆ ಇನ್ನೊಂದು ದಿನ ಬರಲಿ.