ಆ ಚಿತ್ರವನ್ನು ಇನ್ನು ಹೊಗಳಬೇಡಿ

ನನ್ನ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಾಗಲೆಲ್ಲ ನಡುಮನೆಯ ಗೋಡೆಯ ಮೇಲಿದ್ದ ಒಂದು ಛಾಯಾಚಿತ್ರದ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಹಂಪಿಯ ಮತಂಗ ಪರ್ವತದ ನೆತ್ತಿಯಿಂದ ತೆಗೆದದ್ದು. ಕೆಳಗೆ ಅಚ್ಯುತರಾಯ ದೇವಾಲಯದ ಪ್ರಾಕಾರ, ಅದರ ಸುತ್ತ ಬಂಡೆಗಳ ರಾಶಿ, ಎಲ್ಲವೂ ಸಂಜೆಯ ಓರೆಬಿಸಿಲಿಗೆ ಬಂಗಾರದಂತೆ ಹೊಳೆಯುತ್ತಿವೆ; ಹಿನ್ನೆಲೆಯಲ್ಲಿ ಇದ್ದಿಲಿನಂಥ ಕಪ್ಪು ಮುಗಿಲು. "ಎಂಥ ಅದೃಷ್ಟ ಸಾರ್ ನಿಮ್ಮದು!" ಎಂದವರಿದ್ದಾರೆ, ಪ್ರತಿ ಬೇಕೆಂದು ಕೇಳಿ ಪಡೆದವರೂ ಇದ್ದಾರೆ. ಕಳೆದ ತಿಂಗಳು ಶಿಷ್ಯನೊಬ್ಬ ಅದನ್ನು ಬಹಳ ಹೊತ್ತು ನೋಡಿ, "ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಇಂಥದೇ ಒಂದು ತೆಗೆಯಬೇಕು ಸಾರ್, ಎಷ್ಟು ಗಂಟೆಗೆ ಹತ್ತಬೇಕು?" ಎಂದು ಕೇಳಿದ. ನಾನು ಏನೋ ಹಾರಿಕೆಯ ಮಾತನ್ನಾಡಿ ಕಾಫಿ ಕೊಟ್ಟು ಕಳುಹಿಸಿದೆ. ಅವನು ಹೋದ ಮೇಲೆ ಸ್ಟೂಲು ಹಾಕಿಕೊಂಡು ಚಿತ್ರವನ್ನು ಇಳಿಸಿದೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಎಲ್ಲರ ಮುಂದೆಯೂ ಬರೆಯುತ್ತಿದ್ದೇನೆ.

ಅದು 2017ರ ಏಪ್ರಿಲ್ ಕೊನೆ. ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟುವ ದಿನಗಳು. ನಿವೃತ್ತಿಯ ನಂತರ ಅಂಟಿಸಿಕೊಂಡ ಕ್ಯಾಮೆರಾದ ಹುಚ್ಚು ನನ್ನದು. ಜೊತೆಗೆ ಏಳನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ನನ್ನ ಅಕ್ಕನ ಮೊಮ್ಮಗ. ಬೆಳಗಿನಿಂದ ಬೆಂಕಿಯಂಥ ಬಿಸಿಲು. ಪತ್ರಿಕೆಯಲ್ಲಿ ಎಂದಿನಂತೆ "ಅಲ್ಲಲ್ಲಿ ಗುಡುಗು ಸಹಿತ ಮಳೆ" ಎಂದಿತ್ತು. ಈ "ಅಲ್ಲಲ್ಲಿ" ಎಂಬ ಮಾತಿನಲ್ಲಿ ನಮ್ಮ ಜಾಗ ಸೇರಿಲ್ಲವೆಂದೇ ನಾವೆಲ್ಲ ತಿಳಿಯುತ್ತೇವೆ. ನಾಲ್ಕು ಗಂಟೆಗೆ ಮೆಟ್ಟಿಲು ಹತ್ತತೊಡಗಿದೆವು. ನೆತ್ತಿಯ ವೀರಭದ್ರ ದೇವಾಲಯವನ್ನು ಮುಟ್ಟುವ ಹೊತ್ತಿಗೆ ಮೂಡಣ ದಿಕ್ಕಿನಲ್ಲಿ ಮೋಡ ಗೋಪುರದಂತೆ ಎದ್ದಿತ್ತು. ಪಡುವಣದಲ್ಲಿ ಮಾತ್ರ ಆಕಾಶ ತೆರೆದಿತ್ತು. ಛಾಯಾಗ್ರಾಹಕನಾದವನು ವರ್ಷಗಟ್ಟಲೆ ಕಾಯುವ ಬೆಳಕು ಅದು.

ಮೊದಲ ಮಿಂಚು ಕಂಡಾಗ ಹುಡುಗ ಗಟ್ಟಿಯಾಗಿ ಎಣಿಸತೊಡಗಿದ. ನನ್ನಿಂದಲೇ ಕಲಿತ ಪಾಠ. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿಗೆ ಅದು ನೆನಪಿರಬೇಕು: ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು, ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಇಪ್ಪತ್ತೊಂದು ಎಣಿಸಿದ. "ಏಳು ಕಿಲೋಮೀಟರ್ ಅಜ್ಜಾ" ಎಂದ. ನಾನು "ಭೇಷ್" ಎಂದು ಕ್ಯಾಮೆರಾವನ್ನು ಮುಕ್ಕಾಲಿಗೆ ಸಿಕ್ಕಿಸಿದೆ. ಆಮೇಲೆ ಹನ್ನೆರಡು. "ನಾಲ್ಕು ಅಜ್ಜಾ. ಕೆಳಗೆ ಹೋಗೋಣವಾ?" "ಇನ್ನೊಂದೇ ಒಂದು" ಎಂದೆ. ಆರು ಎಣಿಸಿದ ಮೇಲೆ ಅವನು ಎಣಿಸುವುದನ್ನು ನಿಲ್ಲಿಸಿ ನನ್ನ ಅಂಗಿಯ ಚುಂಗು ಹಿಡಿದುಕೊಂಡ. ನೀವು ಹೊಗಳಿದ ಚಿತ್ರವನ್ನು ನಾನು ತೆಗೆದದ್ದು ಆ ಕೈ ಅಂಗಿಯ ಮೇಲಿದ್ದಾಗ.

ಹೊಳೆಯಾಚೆಯ ಗುಡ್ಡಕ್ಕೆ ಸಿಡಿಲು ಬಡಿದದ್ದನ್ನು ಇಬ್ಬರೂ ಕಣ್ಣಾರೆ ಕಂಡೆವು. ಅನಂತರ ಓಡಿದ್ದು, ಮಳೆ ಅಪ್ಪಳಿಸಿದ್ದು, ಒದ್ದೆ ಕಲ್ಲಿನ ಮೇಲೆ ಹುಡುಗ ಜಾರಿದ್ದು, ಎಲ್ಲವೂ ಕೆಲವೇ ನಿಮಿಷಗಳ ಮಾತು. ಗಲ್ಲಕ್ಕೆ ಎರಡು ಹೊಲಿಗೆ ಬಿದ್ದವು. ಮನೆ ಮುಟ್ಟಿದಾಗ ಅವನ ತಾಯಿ ಒಂದು ಬಿರುನುಡಿಯನ್ನೂ ಆಡಲಿಲ್ಲ. ಕೆಲವು ದಿನಗಳ ಮೇಲೆ ಚೌಕಟ್ಟು ಹಾಕಿಸಿದ ಚಿತ್ರವನ್ನು ನೋಡಿ, "ಚೆನ್ನಾಗಿ ಬಂದಿದೆ ಮಾವ" ಎಂದಳು. ಅಷ್ಟೇ.

ನನ್ನನ್ನು ಇಂದಿಗೂ ಕಾಡುವುದು ಧೈರ್ಯ ಅಧೈರ್ಯದ ಪ್ರಶ್ನೆಯಲ್ಲ. ಮೂರು ದಶಕಗಳ ಕಾಲ ಆ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದೆ. ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಒಂದು ದಿನವೂ ಹೇಳಲಿಲ್ಲ. ಏಳು ಕಿಲೋಮೀಟರು ಎಂದರೆ ದೂರ ಎಂದೇ ಮಕ್ಕಳು ತಿಳಿದರು, ನಾನೂ ತಿಳಿದೆ. ವಾಸ್ತವದಲ್ಲಿ ಮಳೆ ಬೀಳುತ್ತಿರುವ ಜಾಗದಿಂದ ಹತ್ತು ಕಿಲೋಮೀಟರು ಆಚೆಗೂ ಸಿಡಿಲು ಬಡಿಯಬಲ್ಲದು. ಗುಡುಗು ಕಿವಿಗೆ ಬಿತ್ತೆಂದರೆ ಅದರ ಕೈಗೆ ಸಿಗುವಷ್ಟು ಸಮೀಪದಲ್ಲಿದ್ದೇವೆ ಎಂದೇ ಅರ್ಥ. ಎಣಿಕೆ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಗಟ್ಟಿ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ಮರದಡಿ ಕೂಡದು, ನಾಲ್ಕು ಕಂಬದ ತೆರೆದ ಮಂಟಪವೂ ಕೂಡದು. ಇದನ್ನು ನಾನು ಕಲಿತದ್ದು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ಹುಡುಗನ ಹೊಲಿಗೆ ಬಿಚ್ಚಿದ ಮೇಲೆ.

ಸರ್ಕಾರದ ಅಂಕಿಅಂಶಗಳಂತೆ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ 2,887 ಮಂದಿ ಬಲಿಯಾದರು. ಅವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವವರು, ದನ ಕಾಯುವವರು. ಬಯಲಿನಲ್ಲಿರುವುದು ಅವರಿಗೆ ಅನಿವಾರ್ಯ. ನಮಗೆ ಯಾವ ಅನಿವಾರ್ಯತೆ ಇತ್ತು? 2021ರ ಜುಲೈ 11ರಂದು ಜೈಪುರದ ಆಮೇರ್ ಕೋಟೆಯ ಬಳಿಯ ಕಾವಲು ಗೋಪುರದ ಮೇಲೆ, ಮಳೆಯ ಸೊಬಗು ನೋಡಲೆಂದು ಹತ್ತಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದವರ ನಡುವೆ ಸಿಡಿಲು ಬಿದ್ದು ಹನ್ನೊಂದು ಮಂದಿ ಸತ್ತರು. ಆ ಸುದ್ದಿ ಓದಿದ ದಿನವೇ ನಾನು ಚಿತ್ರವನ್ನು ಇಳಿಸಬೇಕಿತ್ತು. ಇಳಿಸಲಿಲ್ಲ. ಹೊಗಳಿಕೆ ಅಷ್ಟು ಸುಲಭವಾಗಿ ಬಿಡುವ ಚಟವಲ್ಲ.

ಬೇಸಿಗೆಯಲ್ಲಿ ಹೊರಗೆ ಹೋಗಲೇಬೇಡಿ ಎನ್ನುವವನು ನಾನಲ್ಲ. ಚೈತ್ರ ವೈಶಾಖದ ಚೆಲುವು ಬೇರೆ ಮಾಸಕ್ಕಿಲ್ಲ. ಆದರೆ ನಮ್ಮ ಮುಂಗಾರುಪೂರ್ವದ ಮಳೆಗೆ ಒಂದು ದಿನಚರಿ ಇದೆ. ನೆಲ ಕಾದು, ಬಿಸಿಗಾಳಿ ಮೇಲೇರಿ, ಮೋಡ ಕಟ್ಟುವುದಕ್ಕೆ ಮಧ್ಯಾಹ್ನ ಕಳೆಯಬೇಕು. ಯಾವ ಊರಿನ ಮೇಲೆ ಸುರಿಯುತ್ತದೆ ಎಂಬುದು ಅನಿಶ್ಚಿತ. ಯಾವ ಹೊತ್ತಿಗೆ ಎಂಬುದು ಬಹುಮಟ್ಟಿಗೆ ನಿಶ್ಚಿತ. ಬೆಳಗಿನ ಜಾವ ಸಾಮಾನ್ಯವಾಗಿ ನಮ್ಮದು. ಅದೂ ಹಿಂದಿನ ಸಂಜೆ ಮಳೆ ಬಿದ್ದಿದ್ದರೆ ಗಾಳಿಯ ಧೂಳೆಲ್ಲ ತೊಳೆದುಹೋಗಿ, ತುಂಗಭದ್ರೆಯ ಆಚೆಯ ಬಂಡೆಗಳ ಅಂಚೂ ಗೆರೆ ಎಳೆದಂತೆ ಕಾಣುತ್ತದೆ. ಮಳೆ ಛಾಯಾಗ್ರಾಹಕನಿಗೆ ಕೊಡುವ ನಿಜವಾದ ಉಡುಗೊರೆ ಮರುದಿನದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಪರ್ಧೆಗಳಲ್ಲಿ ಬಹುಮಾನ ಮಾತ್ರ ಕಪ್ಪು ಮುಗಿಲಿಗೇ ಹೋಗುತ್ತದೆ, ಅದು ಬೇರೆ ಮಾತು.

ಮೊಬೈಲು ಬಳಸುವವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ "ದಾಮಿನಿ" ಎಂಬ ಆ್ಯಪನ್ನು ಹಾಕಿಸಿಕೊಳ್ಳಿ. ಸುತ್ತಮುತ್ತ ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತಿಳಿಸುತ್ತದೆ. ಬೆಟ್ಟದ ಮೇಲೆ ಸಿಗ್ನಲ್ ಸಿಗದಿದ್ದರೆ ಕಿವಿಯನ್ನು ನಂಬಿ.

ಇನ್ನು ಎಷ್ಟು ಗಂಟೆಗೆ ಹತ್ತಬೇಕೆಂದು ಕೇಳಿದ ಶಿಷ್ಯನಿಗೆ: ಬೆಳಿಗ್ಗೆ ಐದೂವರೆಗೆ ಹತ್ತು, ಎಂಟಕ್ಕೆ ಇಳಿದುಬಿಡು. ಮಗಳ ಕೈಗೆ ಟಾರ್ಚು ಕೊಡು. ಸಂಜೆ ಮೋಡ ಕಟ್ಟಿದರೆ ಕೋಣೆಯ ಒಳಗೇ ಕುಳಿತು ಇಬ್ಬರೂ ಸೆಕೆಂಡುಗಳನ್ನು ಎಣಿಸಿ. ಮೂರರಿಂದ ಭಾಗಿಸುವುದನ್ನು ಅವಳಿಗೆ ನೀನೇ ಹೇಳಿಕೊಡು, ಉಳಿದ ಅರ್ಧ ಪಾಠವನ್ನೂ ಸೇರಿಸಿ.